ನೀಲಿ ಕೊಡ

"ಈ ಓಣಿಗಿ ನಳ ಬಂದ ದಿನ ಮೊದಲ ಕೊಡ ನಾನೇ ಹೊತ್ತು ತರ್ತೇನಿ. ನಿಂಬೆವ್ವನ ಕಟ್ಟಿ ಮ್ಯಾಲ ಇಡ್ತೇನಿ. ಇಡಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿದವನೇ ಅಲ್ಲ!"

ದೇವಿಂದ್ರಪ್ಪ ಗೌಡ ಮೊದಲ ಸಲ ಪಂಚಾಯ್ತಿ ಓಟಿಗೆ ನಿಂತಾಗ ಎದೆ ತಟ್ಟಿಕೊಂಡು ಆಡಿದ ಮಾತಿದು. ಆಗ ಮಧುಮತಿ ನಿಂಬೆವ್ವನ ಮನೆಗೆ ಸೊಸೆಯಾಗಿ ಬಂದ ಹೊಸದು. ಈಗ ಅವಳ ಮಗಳು ಮೈತ್ರಿಗೇ ಗಂಡು ನೋಡುತ್ತಿದ್ದಾರೆ. ಗೌಡ ಗೆದ್ದ, ಅಧ್ಯಕ್ಷನಾದ, ಮೀಸೆಗೆ ಕಪ್ಪು ಹಚ್ಚುವ ವಯಸ್ಸಿಗೂ ಬಂದ. ನಳ ಮಾತ್ರ ಊರವರ ಮನೆಮನೆಗೆ ಹೋಗಿ, ಓಣಿಯ ಕಡೆಗೆ ಬರದೆ ಗುಡಿಯ ಹತ್ತಿರವೇ ನಿಂತುಬಿಟ್ಟಿತು. ಗುಡಿಯ ನಳದಲ್ಲೂ ಊರವರ ಕೊಡಗಳೆಲ್ಲ ತುಂಬಿದ ಮೇಲೆಯೇ ಓಣಿಯ ಹೆಂಗಸರ ಪಾಳಿ. ಅವರು ನಳದ ತೋಟಿ ಮುಟ್ಟುವಂತಿಲ್ಲ. ಯಾರಾದರೂ ಪುಣ್ಯಾತ್ಮರು ತಿರುವಿ ಕೊಡಬೇಕು.

"ಅತ್ತಿ, ಹಾದೀಗಿ ಕಣ್ಣ ನೆಟ್ಟು ಏನ್ ಮಾಡಾಕತ್ತಿ?" ಎಂದು ಮಧುಮತಿ ಕೇಳಿದಾಗಲೆಲ್ಲ ನಿಂಬೆವ್ವನದು ಒಂದೇ ಉತ್ತರ:

"ಗೌಡನ ಅಪ್ಪನ್ನ ಹುಡಕಾಕತ್ತೇನಿ ಯವ್ವಾ. ಇನ್ನಾ ಸಿಕ್ಕಿಲ್ಲ."

ಅಂಥ ಗೌಡನೇ ಒಂದು ದಿನ ತನ್ನ ತೊಗರಿ ಹೊಲದಲ್ಲಿ ಕೂಲಿಗಿದ್ದ ಮಧುಮತಿಯನ್ನು ಪಂಚಾಯ್ತಿಗೆ ಕರೆಸಿದ.

"ಏ ಮಧಿ, ಅಲ್ಲೇ ನಿಂದ್ರು ಬೇ. ಖುರ್ಚಿ ಗಿರ್ಚಿ ಮುಟ್ಟೀಯ."

ಒಳಗಿದ್ದವರಿಗೆಲ್ಲ ಗಾಜಿನ ಗ್ಲಾಸಿನಲ್ಲಿ ಚಹಾ ಬಂತು. ಅವಳದು ಕಾಗದದ ಕಪ್ಪಿನಲ್ಲಿ ಹೊಸ್ತಿಲಾಚೆ ನೆಲಕ್ಕೆ ಬಂತು.

"ಜಿಲ್ಲಾದಿಂದ ಸಾಹೇಬ್ರು ಬರಾಕತ್ತಾರ. ಊರಿಗೆಲ್ಲ ನೀರ ಕೊಟ್ಟೀವಂತ ಈ ಗ್ವಾಡಿ ಮ್ಯಾಲ ತೋರಿಸಬೇಕು. ಪೇಂಟರ್ ಸಿಕಂದರ ಲಗ್ನದ ಮನಿ ಹಿಡ್ಕೊಂಡು ಆಳಂದದಾಗ ಕುಂತಾನ, ಭಾಡ್ಯಾ. ನೀ ಕಡಗಂಚ್ಯಾಗ ಅದೇನೋ ಚಿತ್ರ ಕಲ್ತು ಬಂದೀಯಂತಲ್ಲ?"

"ಲೆಕ್ಕಾ ಚಿತ್ರದಾಗ ತೋರ್ಸೋದು ರೀ, ಗೌಡ್ರ. ಮನಿಗೊಂದು ಕೊಡ ಬರೀತೇನಿ. ನೀರಿನ ಲೆಕ್ಕ ಅಲ್ಲೇನ್ರೀ, ನೀಲಿ ಹಚ್ಚಿದ್ರ ಎದ್ದು ಕಾಣ್ತದ."

ನೀಲಿ ಎಂದಾಕ್ಷಣ ಗೌಡನ ಬಾಯಿಯೊಳಗಿನ ಚಹಾ ಹೊರಗೆ ಬಂತು. ಏಪ್ರಿಲ್ ಬಂತೆಂದರೆ ಓಣಿಯ ತುಂಬ ಹಾರುವ ಬಾವುಟದ ಬಣ್ಣ ಅದು. ಜಯಂತಿಯ ಮೆರವಣಿಗೆಯ ಮುಂದೆ ಗೌಡನ ಗಾಡಿ ಹಾರ್ನ್ ಹೊಡೆಯುತ್ತ ನಿಲ್ಲಬೇಕಾಗುತ್ತಿತ್ತು.

"ಪಂಚಾಯ್ತಿ ಗ್ವಾಡಿ ಮ್ಯಾಲ ಜಯಂತಿ ಮಾಡ್ತೀಯೇನ ಬೇ, ರಂಡೆ? ನೀರಿಗಿ ಎಲ್ಲಿ ಬಣ್ಣ ಅದ? ನಮ್ಮ ಮಂದಿ ಕೊಡ ಬೆಳ್ಳಗಿರ್ಲಿ. ನಿಮ್ಮ ನೀಲಿ ನಿಮ್ಮ ಓಣ್ಯಾಗ ಇರ್ಲಿ, ಅದೂ ಮೂಲ್ಯಾಗ. ಊರಾಗ ಒಂದ ಹನಿ ಕಾಣ್ಸಿತಂದ್ರ ಕೈ ಮುರೀತೇನಿ!"

ಮಧುಮತಿ ತಲೆ ತಗ್ಗಿಸಿದಳು. ಬಾಯಿಗೆ ಸೆರಗು ಅಡ್ಡ ಬಂತು. ಅಂಜಿದಳೆಂದು ಗೌಡ ತಿಳಿದ. ಅವಳಿಗೆ ನಗು ತಡೆಯಲಾಗಿರಲಿಲ್ಲ.

ಕಡಗಂಚಿಯಲ್ಲಿ ಸಂಘದ ಹೆಂಗಸರಿಗೆ ತರಬೇತಿ ನಡೆದಾಗ ಮೊದಲ ದಿನವೇ ಮಧುಮತಿ ಪೆಟ್ಟಿಗೆಯಲ್ಲಿದ್ದ ಬಣ್ಣವನ್ನೆಲ್ಲ ಹಾಳೆಯ ಮೇಲೆ ಸುರಿದಿದ್ದಳು. ಊರಿನ ಬೆಳೆಯ ಲೆಕ್ಕವನ್ನು ರೊಟ್ಟಿಯಂತೆ ದುಂಡಗೆ ಬರೆದು, ತುಂಡಿಗೊಂದು ಬಣ್ಣ ಬಳಿದು, ಅಂಚಿಗೆ ಹೂಬಳ್ಳಿಯನ್ನೂ ಬಿಟ್ಟಿದ್ದಳು. ಕಲಿಸುವ ಶಿವಗಂಗಾ ಮೇಡಂ ಹಾಳೆಯನ್ನು ಎತ್ತಿ ಹಿಡಿದು, "ಇದು ಲೆಕ್ಕನೋ ಹೋಳಿ ಹುಣ್ಣಿವಿನೋ, ಮಧುಮತಿ?" ಎಂದು ನಕ್ಕಿದ್ದರು. "ಎಲ್ಲಾ ಬಣ್ಣ ಕೂಡಿ ಒದರಿದ್ರ ಯಾವ್ದೂ ಕೇಳ್ಸಂಗಿಲ್ಲ ನೋಡ್ರಿ. ಹೇಳಬೇಕಾದ ಒಂದಕ್ಕ ಬಣ್ಣ ಕೊಡ್ರಿ. ಉಳಿದಿದ್ದು ಬೆಳ್ಳಗ ಸುಮ್ಕಿರ್ಲಿ. ಕಣ್ಣು ತಾನೇ ಅಲ್ಲಿಗಿ ಹೋಗ್ತದ."

ಮೇಡಂ ಹೇಳಿದ್ದನ್ನೇ ಗೌಡ ಬೈಗುಳ ಸೇರಿಸಿ ಹೇಳಿದ್ದ.

"ನೀವು ಹೇಳ್ದಂಗೇ ಮಾಡ್ತೇನಿ ರೀ, ಗೌಡ್ರ. ಒಂದ ಹನಿ ಆಚಿಗಿ ಹೋಗಂಗಿಲ್ಲ."

ಗೋಡೆಯ ತುಂಬ ಬಿಳಿ ಕೊಡಗಳು ಸಾಲಾಗಿ ಕುಳಿತವು. ಬೂದು ಗೆರೆಯ ತೆಳ್ಳನೆಯ ಕೊಡಗಳು, ಕಣ್ಣಿಗೆ ತಂಪು. ಕೆಳಗಿನ ಮೂಲೆಯಲ್ಲಿ ಓಣಿಯ ಕೊಡಗಳು ಒತ್ತಾಗಿ ನಿಂತವು. ಕಡು ನೀಲಿ, ಎಲ್ಲವೂ ಬೋರಲು.

ಗೌಡ ಬಂದು ನೋಡಿ ಮೀಸೆ ತೀಡಿದ. "ಶಾಬಾಸ್! ನಿಮ್ಮವು ಬೋರಲ ಯಾಕ?"

"ತೊಳದಿಟ್ಟೀವಿ ರೀ."

"ಹಾಂ, ಅಂತೂ ನಿಮ್ಮ ಮಂದಿಗಿ ಸ್ವಚ್ಛ ಇರೋದು ತಿಳೀತು. ಯಾವ ಬಣ್ಣಕ್ಕ ಏನ್ ಅರ್ಥ ಅಂತ ಬರದಿಲ್ಲಲ್ಲ?"

"ಅದಕ್ಕ ಸೂಚಿ ಅಂತಾರ್ರಿ. ಕಡೀಗಿ ಬರೀತೇನಿ. ಮೊದಲ ಪೂರಾ ಒಣಗ್ಲಿ."

ಜೀಪಿನಿಂದ ಇಳಿದ ಸಾಹೇಬರು ಗೋಡೆಯ ಮುಂದೆ ನಿಂತರು. ಗೌಡ ಮೇಲಿನ ಸಾಲಿನಿಂದ ಹೇಳಲು ಶುರು ಮಾಡಿದ. ಸಾಹೇಬರ ಕಣ್ಣು ಆಗಲೇ ಮೂಲೆಗೆ ಇಳಿದಿತ್ತು.

"ಅದೇನ್ರೀ, ನೀಲಿ?"

"ಅದು ಅವರ ಬಣ್ಣ ರೀ ಸಾಹೇಬ್ರ. ಅಭಿಮಾನ ನೋಡ್ರಿ, ಹಚ್ಕೊಂಡಾರ."

"ಸೂಚಿ ಬರಿಯೋದು ಉಳದದ ರೀ," ಎನ್ನುತ್ತ ಮಧುಮತಿ ಕುಂಚ ಅದ್ದಿದಳು. ಊರೆಲ್ಲ ನೋಡುತ್ತಿರುವಂತೆ ಗೋಡೆಯ ಬುಡದಲ್ಲಿ ದುಂಡಗೆ ಬರೆದಳು: 'ಬಿಳಿ ಕೊಡ, ನಳ ಇದೆ. ನೀಲಿ ಕೊಡ, ನಳ ಇಲ್ಲ.'

ಮೊಬೈಲುಗಳು ಮೇಲೆದ್ದವು. ಯಾರೋ ಕಿಸಕ್ಕೆಂದರು. ಗೌಡನ ಮುಖ ಸುಟ್ಟ ಬದನೆಕಾಯಿಯಾಯಿತು.

"ಒಂದು ಮನೆಯೂ ಉಳಿದಿಲ್ಲ ಅಂತ ಹೇಳಿದ್ರಲ್ರೀ ಅಧ್ಯಕ್ಷರೇ?" ಸಾಹೇಬರು ಜೀಪು ಹತ್ತಿದರು. "ಮುಂದಿನ ಸಲ ಬಂದಾಗ ಈ ಗೋಡೆಯಲ್ಲಿ ನೀಲಿ ಇರಬಾರದು."

ಗೌಡನಿಗೆ ಗೋಡೆ ಎಂಬುದಷ್ಟೇ ಕೇಳಿಸಿತು.

ವಾರ ತುಂಬುವುದರೊಳಗೆ ನಿಂಬೆವ್ವನ ಕಟ್ಟೆಯ ಪಕ್ಕ ಒಂದು ನಳ ಎದ್ದಿತು. ಹಿತ್ತಾಳೆಯ ತೋಟಿ ಪಳಪಳ ಹೊಳೆಯುತ್ತಿತ್ತು. ಅದರ ಪೈಪು ಮಣ್ಣಿನೊಳಗೆ ಮೊಳದಷ್ಟು ಇಳಿದು ಅಲ್ಲೇ ಮುಗಿದಿತ್ತು. ಗೌಡ ಫೋಟೋದವರನ್ನು ಕರೆದುಕೊಂಡು ಬಂದ. ಹೊಸ ಕೊಡವನ್ನು ತೋಟಿಗೆ ಹಿಡಿದು ಹಲ್ಲು ಕಿರಿದ. ಆಮೇಲೆ ಅದನ್ನು ಹೆಗಲಿಗೇರಿಸಿ ತಂದು ಕಟ್ಟೆಯ ಮೇಲೆ ಕುಕ್ಕಿದ.

"ಹೊತ್ನಿಲ್ಲೋ ಮುದಕಿ? ಇಟ್ನಿಲ್ಲೋ? ಇನ್ನ ಬಾಯಿ ಮುಚ್ಚು."

ನಿಂಬೆವ್ವ ಕೊಡದೊಳಗೆ ಮೊಳಕೈವರೆಗೆ ಕೈ ಹಾಕಿ ತಡಕಾಡಿದಳು.

"ಅಂತೂ ನಿಮ್ಮಪ್ಪ ಸಿಕ್ಕ ಬಿಡೋ ನನ್ನಪ್ಪಾ. ಖರೇ, ಅವನೂ ಖಾಲಿನೇ ಅದಾನ!"

ಓಣಿ ಘೊಳ್ಳೆಂದು ನಕ್ಕಿತು. ಗೌಡ ಬಿಳಿ ಬಣ್ಣದ ಡಬ್ಬಿಯನ್ನು ಮಧುಮತಿಯ ಕಾಲಬುಡಕ್ಕೆ ಒಗೆದ.

"ಹೋಗು, ಆ ನೀಲೀನೆಲ್ಲ ಬೆಳ್ಳಗ ಮಾಡು. ಇಲ್ಲಂದ್ರ ನಾಳಿಂದ ನನ್ನ ಹೊಲಕ್ಕ ನಿಮ್ಮ ಓಣ್ಯಾವ್ರು ಯಾರೂ ಕಾಲಿಡಬ್ಯಾಡ್ರಿ."

ಮಧುಮತಿ ಡಬ್ಬಿ ಎತ್ತಿಕೊಂಡು ಹೋದಳು. ಬಿಸಿಲು ಇಳಿಯುವ ತನಕ ಗೋಡೆಗೆ ಮುಖ ಹಾಕಿ ಕುಳಿತಿದ್ದಳು.

ಗೌಡ ಬಂದು ನೋಡಿದಾಗ ನೀಲಿ ಕೊಡಗಳು ಇದ್ದಲ್ಲೇ ಇದ್ದವು. ಅವುಗಳ ನಡುವೆ ಹೊಸದಾಗಿ ಒಬ್ಬ ಗಂಡಸು ನಿಂತಿದ್ದ. ಹೊಟ್ಟೆ ಮುಂದೆ, ಮೀಸೆ ಕರ್ರಗೆ, ತಲೆಯ ಮೇಲೆ ಟೊಪ್ಪಿಗೆಯಂತೆ ಬೋರಲಾದ ನೀಲಿ ಕೊಡ. ಬಿಳಿ ಬಣ್ಣ ದಂಡವಾಗಿರಲಿಲ್ಲ. ಅದೆಲ್ಲ ಅವನ ಧೋತರಕ್ಕೆ ಆಗಿತ್ತು.

"ಯಾರ ಬೇ ಅಂವ? ಯಾರಂವಾ?"

ಮಧುಮತಿ ಕುಂಚ ಅದ್ದಿದಳು.

"ಸೂಚಿ ಬರಿಯೋದು ಉಳದದ ರೀ, ಗೌಡ್ರ."

ಓಣಿಗೆ ಮೊದಲ ಕೊಡವನ್ನು ದೇವಿಂದ್ರಪ್ಪ ಗೌಡನೇ ಹೊತ್ತು ತಂದ. ಅದರಲ್ಲಿ ನೀರಿರಲಿಲ್ಲ.