ಐಜೂರಿನ ಮೂಡಣ ಬಾಗಿಲ ಮನೆ

ಮಹೇಂದ್ರ ಬಿಡದಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವನ ಹೆಂಡತಿ ಜ್ಯೋತಿಲಕ್ಷ್ಮಿ ಮೂರು ವರ್ಷದಿಂದ ಮನೆ ಕೊಳ್ಳುವ ತಯಾರಿಯಲ್ಲಿದ್ದಳು. ಒಡವೆ ಮಾಡಿಸುವುದನ್ನು ಬಿಟ್ಟಳು, ಗಂಡನ ಕ್ರೆಡಿಟ್ ಕಾರ್ಡ್ ಕತ್ತರಿಸಿ ಹಾಕಿದಳು, ಬ್ಯಾಂಕಿನಿಂದ ಸಾಲದ ಒಪ್ಪಿಗೆ ಪತ್ರವನ್ನೂ ಮೊದಲೇ ಪಡೆದಿಟ್ಟಳು. ಆದರೂ ರಾಮನಗರದಲ್ಲಿ ನೋಡಿದ ಐದು ಮನೆಗಳು ಕೈತಪ್ಪಿದವು. ಇವರು ಅಳೆದೂ ತೂಗಿ ಒಂದು ಮಾತು ಹೇಳುವಷ್ಟರಲ್ಲಿ ಬೆಂಗಳೂರಿನವರು ಕಾರಿನಲ್ಲಿ ಬಂದು ಅಡ್ವಾನ್ಸ್ ಕೊಟ್ಟು ಹೋಗಿರುತ್ತಿದ್ದರು.

ಆರನೆಯದು ಐಜೂರಿನಲ್ಲಿ, ಪುಟ್ಟಸ್ವಾಮಿ ಎಂಬ ನಿವೃತ್ತ ಮೇಷ್ಟರದು. ಮೂಡಣ ಬಾಗಿಲು, ದಾಖಲೆಯೆಲ್ಲ ಚೊಕ್ಕ. ಹೆಂಡತಿ ಶಿವಲಿಂಗಮ್ಮ ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ಹೋದ ವರ್ಷ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ಅವರೇ ಹೇಳಿದ್ದರು. ಮಗಳು ಧನುಶ್ರೀಗೆ ಸೋಲೂರಿನಲ್ಲಿ ಗಂಡು ನಿಶ್ಚಯವಾಗಿತ್ತು. ಮನೆ ಮಾರಿ, ಮದುವೆ ಮುಗಿಸಿ, ಕೋಡಿಹಳ್ಳಿಯ ತಮ್ಮನ ಹತ್ತಿರ ಇದ್ದುಬಿಡುವುದು ಅವರ ಯೋಚನೆ.

ಭಾನುವಾರ ಜ್ಯೋತಿಲಕ್ಷ್ಮಿ ಎರಡನೇ ಸಲ ನೋಡಲು ಹೋದಾಗ ಗೇಟಿನ ಮುಂದೆ ನಾಲ್ಕು ಕಾರು ನಿಂತಿದ್ದವು. ಮನೆ ನೋಡಲು ಬಂದು ಬಾಗಿಲಲ್ಲಿದ್ದ ಹೆಂಗಸೊಬ್ಬಳ ಪಕ್ಕ ಸರಿದು ಜ್ಯೋತಿಲಕ್ಷ್ಮಿ ಮೆಲ್ಲಗೆ ಅಂದಳು:

"ನಿಮ್ಗೆ ಇಸ್ಯ ಗೊತ್ತಾ? ಈ ಮನೆಯಮ್ಮ ನೇಣಾಕ್ಕಂಡಿದ್ದು ಇದೇ ಹಾಲ್‌ನಲ್ಲಂತೆ."

ಚಪ್ಪಲಿ ಬಿಡುತ್ತಿದ್ದ ಆ ಹೆಂಗಸು ಮತ್ತೆ ಮೆಟ್ಟಿಕೊಂಡಳು.

ಮುಂದಿನ ವಾರ ಎರಡೇ ಕಾರು. ಜ್ಯೋತಿಲಕ್ಷ್ಮಿ ಅದೇ ಮಾತನ್ನು ಹಾಲಿನ ಬೂತಿನಲ್ಲೂ ಆಡಿದಳು, ಬ್ರೋಕರ್ ವಜೀರಾನ ಕಿವಿಗೂ ಹಾಕಿದಳು. ಮಹೇಂದ್ರನಿಗೆ ತಿಳಿದಾಗ ಊಟದ ತಟ್ಟೆ ಸರಿಸಿದ.

"ಸತ್ತೋರ್ ಮ್ಯಾಲೆ ಹಿಂಗಾ ಹೇಳಾದು? ಪಾಪ ಕಣೇ."

"ನಾನೇನ್ ಸಾಯಿಸ್ಬುಟ್ನಾ? ಹೆಂಗಿದ್ರೂ ಸತ್ತವ್ರೆ. ನಿಮ್ಗೆ ಮನೆ ಬೇಕೋ ಬ್ಯಾಡ್ವೋ?"

ಅವನು ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

ಮಾತು ಸೋಲೂರು ಮುಟ್ಟಲು ತಿಂಗಳು ಬೇಕಾಗಲಿಲ್ಲ. ಗಂಡಿನ ತಾಯಿ ಫೋನು ಮಾಡಿದಳು. "ತಾಯಿ ನೇಣಾಕ್ಕಂಡ್ ಸತ್ತೋಳಂತೆ. ಅದು ರಕ್ತದಲ್ಲೇ ಬತ್ತದೆ. ನಮ್ ಹುಡ್ಗನ್ನ ಬುಟ್ಬುಡಿ."

ಪುಟ್ಟಸ್ವಾಮಿ ಆಸ್ಪತ್ರೆಯ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಸೋಲೂರಿಗೆ ಹೋದರು. ಆ ಮನೆಯವರು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ಕಾಗದ ಬಿಚ್ಚಿ ನೋಡಲಿಲ್ಲ.

ಮನೆ ನೋಡಲು ಬರುವವರೂ ನಿಂತುಹೋದರು. ಧನುಶ್ರೀ ಬೀದಿಗಿಳಿದರೆ ಹೆಂಗಸರು ದನಿ ತಗ್ಗಿಸುತ್ತಿದ್ದರು. ಅವಳು ಕೆಲಸಕ್ಕೆ ಹೋಗುವುದನ್ನೇ ಬಿಟ್ಟಳು. ಕಡೆಗೆ, ಮಗಳನ್ನು ಕರೆದುಕೊಂಡು ಈ ಊರು ಬಿಟ್ಟರೆ ಸಾಕೆಂದು ಪುಟ್ಟಸ್ವಾಮಿ ಜ್ಯೋತಿಲಕ್ಷ್ಮಿ ಹೇಳಿದ ಬೆಲೆಗೇ ತಲೆಯಾಡಿಸಿದರು. ಮೊದಲು ಅವರು ಕೇಳಿದ್ದರ ಮುಕ್ಕಾಲು ಪಾಲೂ ಅದಾಗಿರಲಿಲ್ಲ.

ನೋಂದಣಿ ಮುಗಿದ ದಿನ ಆ ಮನೆಯ ಹಾಲ್‌ನಲ್ಲಿ ನಿಂತು ಧನುಶ್ರೀಯೇ ಬೀಗದ ಕೈ ಕೊಟ್ಟಳು. ಹುಡುಗಿ ತುಂಬ ಇಳಿದುಹೋಗಿದ್ದಳು. ಜ್ಯೋತಿಲಕ್ಷ್ಮಿಯ ಎರಡೂ ಕೈ ಹಿಡಿದುಕೊಂಡಳು.

"ಅಕ್ಕ, ಈ ಊರ್ನಲ್ಲಿ ನಮ್ಮಮ್ಮನ್ ಬಗ್ಗೆ ಅಂದಿದ್ದನ್ನ ನಂಬ್ದೆ ಇದ್ದೋರು ನೀವೊಬ್ರೇ. ನಿಮ್ಗೆ ಒಳ್ಳೇದಾಗ್ಲಿ."

ಮಹೇಂದ್ರ ಕಿಟಕಿಯ ಕಡೆ ತಿರುಗಿದ. ಜ್ಯೋತಿಲಕ್ಷ್ಮಿ ಕೈ ಬಿಡಿಸಿಕೊಂಡು ಬಚ್ಚಲುಮನೆಗೆ ಹೋಗಿ ಒಳಗೆಲ್ಲ ಕಣ್ಣಾಡಿಸಿದಳು.

"ಧನು," ಎಂದು ಅಲ್ಲಿಂದಲೇ ಕೂಗಿದಳು, "ಗೀಸರ್ ಎಲ್ಲವ್ವಾ? ಅದೂ ಸೇರೇ ಮಾತಾಗಿದ್ದು. ಬಿಚ್ಚಿದ್ರೆ ವಾಪಸ್ ತರ್ಸ್‌ಬುಡು."