ಕರಡಿಗೆ ಬಿಚ್ಚಿದ ದಿನ

ಮಗಳು ಸೃಷ್ಟಿಗೆ ಲಿಂಗಧಾರಣೆಯಾಗಿ ಇಪ್ಪತ್ತೆರಡು ದಿನವಾಗಿತ್ತು. ನಿಂಬರ್ಗಾದ ನನ್ನ ತವರಿನಲ್ಲಿ ಸ್ವಾಮಿಗಳು ಅವಳ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಇನ್ನು ಇದು ನಿನ್ನ ಮೈ ಬಿಡಬಾರದು ಎಂದಿದ್ದರು. ಎಂಟು ವರ್ಷದ ಹುಡುಗಿ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಸ್ನಾನದಲ್ಲೂ ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಮೈ ತೊಳೆಯುತ್ತಿದ್ದಳು.

ಅದನ್ನು ಕೊರಳಿನಿಂದ ತೆಗೆ ಎಂದು ಅವಳಿಗೆ ಹೇಳಿದ್ದು ಕೌಲಾಲಂಪುರದಲ್ಲಿ, ಒಂದು ಮಾಲಿನ ಐದನೇ ಮಹಡಿಯ ಆಟದ ರೈಲಿನ ಸಾಲಿನಲ್ಲಿ. ಹೇಳಿದವರಲ್ಲಿ ಅವಳ ಅಪ್ಪನೂ ಇದ್ದರು.

ನಾವು ಅಷ್ಟು ದೂರ ಹೋದದ್ದು ಬೀಜದ ಕಂಪನಿಯ ಖರ್ಚಿನಲ್ಲಿ. ನನ್ನ ಯಜಮಾನರು ಅಮರನಾಥ ಅವರದು ಅಫಜಲಪುರದಲ್ಲಿ ಬೀಜ, ಗೊಬ್ಬರದ ಅಂಗಡಿ. ಆ ವರ್ಷ ತೊಗರಿ ಬೀಜ ಹೆಚ್ಚು ಮಾರಿದವರನ್ನೆಲ್ಲ ಕಂಪನಿ ಹೆಂಡತಿ ಮಕ್ಕಳ ಸಮೇತ ಐದು ದಿನ ಕರೆದೊಯ್ದಿತ್ತು. ನಮ್ಮ ಅತ್ತೆ ಸುಭದ್ರಾಬಾಯಿಯವರೂ ಬಂದಿದ್ದರು. ಹೋಟೆಲಿನ ನಾಷ್ಟಾದತ್ತ ಕಣ್ಣೆತ್ತಿ ನೋಡದೆ, ಊರಿನಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯಲ್ಲೇ ಅವರು ದಿನ ದೂಡುತ್ತಿದ್ದರು.

ಎರಡನೇ ದಿನವನ್ನು ಮಕ್ಕಳ ಆಟಕ್ಕೆಂದು ಗೊತ್ತುಮಾಡಿದ್ದರು. ನಾಲ್ಕು ವರ್ಷದ ಮಗ ಗುರುಲಿಂಗ ಮೆಟ್ಟಿಲು ತಾನೇ ಏರುತ್ತದೆಂಬುದನ್ನು ಕಂಡು, ಬೇರೆ ಆಟವೇ ಬೇಡವೆಂದು ಅದರ ಮೇಲೆ ಏಳು ಸಲ ಹೋಗಿ ಬಂದ. ಸೃಷ್ಟಿಯ ಕಣ್ಣೆಲ್ಲ ಆ ರೈಲಿನ ಮೇಲೆ. ಅದು ಮಾಡಿನವರೆಗೆ ಏರಿ, ತಿರುಗಿ, ಒಮ್ಮೆಲೇ ಕೆಳಗೆ ಬೀಳುತ್ತಿತ್ತು. ಅವಳ ಎತ್ತರದ ಮಕ್ಕಳ ಜೊತೆ ದೊಡ್ಡವರೊಬ್ಬರು ಕೂರಲೇಬೇಕಂತೆ. ಯಜಮಾನರಿಗೆ ತೂಗುಮಂಚದಲ್ಲೇ ತಲೆ ತಿರುಗುತ್ತದೆ. ಹಾಗಾಗಿ ನಾನು ನಿಂತೆ. ನಲವತ್ತು ನಿಮಿಷ ನಿಂತೆವು.

ನಮ್ಮ ಪಾಳಿ ಬಂದಾಗ ಬಾಗಿಲಲ್ಲಿದ್ದ ಹುಡುಗಿ ಮೊದಲು ನನ್ನ ವೇಲು ತೆಗೆಸಿದಳು. ಆಮೇಲೆ ಸೃಷ್ಟಿಯ ಕೊರಳು ನೋಡಿದಳು, ನನ್ನ ಕೊರಳ ಕರಡಿಗೆಯನ್ನೂ ನೋಡಿದಳು, ಪಕ್ಕದ ಪೆಟ್ಟಿಗೆಯೊಂದನ್ನು ತೋರಿಸಿದಳು. ಅದರಲ್ಲಿ ಕನ್ನಡಕ, ಟೋಪಿ, ಯಾರದೋ ಬೆಲ್ಟು ಬಿದ್ದಿದ್ದವು.

ಕಟಾಂಜನದ ಆಚೆಯಿಂದ ಯಜಮಾನರು ಕೈ ಚಾಚಿದರು. ಪೆಟ್ಟಿಗೆಯಲ್ಲಿ ಬೇಡ, ನನ್ನ ಕೈಯಲ್ಲಿ ಕೊಡು, ಹತ್ತು ನಿಮಿಷದ ಮಾತು ಎಂದರು. ಸೃಷ್ಟಿ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ಅಳುತ್ತಿರಲಿಲ್ಲ. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು, ಅಷ್ಟೇ.

ಹನ್ನೊಂದು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ನಾನು ಅವರಿಗೆ ಎದುರಾಡಿದವಳಲ್ಲ. 'ಶಿವಕಾಂತಾಗ ಬಾಯೇ ಇಲ್ಲ' ಎಂದು ಅವರೇ ಗೆಳೆಯರ ಮುಂದೆ ಹೊಗಳುತ್ತಿದ್ದರು.

"ತಗಿಯಂಗಿಲ್ರಿ," ಎಂದೆ.

"ಏನಂದಿ?"

"ತಗಿಯಂಗಿಲ್ಲ ಅಂದೆ."

"ಹಿಂದ ಎಲ್ಲಾ ಡೀಲರ್ ನಿಂತಾರ. ಜನ ನೋಡಾಕತ್ತಾರ, ಶಿವಕಾಂತಾ."

"ನೋಡ್ಲಿ ಬಿಡ್ರಿ. ನಾ ಏನ್ ಕದ್ದೇನಿ?"

ಹಾಗಾದರೆ ಸಾಲು ಬಿಟ್ಟು ಹೊರಗೆ ಬಾ, ಆಟವೂ ಬೇಡ, ಎಂದರು. ಸೃಷ್ಟಿ ಕರಡಿಗೆ ಬಿಡದೆ ರೈಲಿನತ್ತ ತಿರುಗಿ ನೋಡಿದಳು. ಅವರ ಹಿಂದೆ ನಿಂತಿದ್ದ ಅತ್ತೆ ಮೊಮ್ಮಗನ ಬಾಯಿ ಒರೆಸುತ್ತ, ಮಗನ ಕಡೆ ನೋಡದೆಯೇ ಕೇಳಿದರು.

"ನಿನ್ನ ಕರಡಿಗಿ ಎಲ್ಲದನೋ ಅಮರ್ಯಾ?"

"ಮನ್ಯಾಗ ಅದ. ಜಗಲಿ ಮ್ಯಾಲ."

"ಛಲೋ ಆತು. ಅಂವ ಮನಿ ಕಾಯ್ಲಿ, ನೀ ದೇಶ ತಿರಗು."

ಸಾಲಿನಲ್ಲಿ ಯಾರೋ ನಕ್ಕರು. ಯಜಮಾನರ ಕಿವಿ ಕೆಂಪಾದವು.

ಅಷ್ಟರಲ್ಲಿ ರೈಲು ಬಂದು ನಿಂತಿತು. ಜೇವರ್ಗಿಯ ಡೀಲರ್ ಖಮರ ಅದರಿಂದ ಇಳಿದರು. ಅವರ ರಟ್ಟೆಗೆ ಹಸಿರು ಬಟ್ಟೆಯ ಗಂಟು ಕಟ್ಟಿತ್ತು. ದೂರ ಹೊರಟವರ ರಕ್ಷೆಗೆಂದು ಮನೆಯವರು ಕಟ್ಟಿ ಕಳಿಸುವ ಇಮಾಮ್ ಜಾಮಿನ್ ಅದು. ಅದನ್ನು ಕಟ್ಟಿಕೊಂಡೇ ಅವರು ಮೇಲೆ ಹೋಗಿ ಬಂದಿದ್ದರು, ಯಾರೂ ಬಿಚ್ಚಿಸಿರಲಿಲ್ಲ. ನಾನು ಅವರನ್ನು ಕರೆದು, ಈ ಹುಡುಗಿಗೆ ನಮ್ಮದರ ಮೇಲೆ ಏನು ತಕರಾರು ಎಂದು ಇಂಗ್ಲಿಷಿನಲ್ಲಿ ಕೇಳಿ ಎಂದೆ. ಅವರು ಕೇಳಿದರು. ಹುಡುಗಿ ಕೈಯನ್ನು ಕತ್ತಿಗೆ ಸುತ್ತಿ ತೋರಿಸಿದಳು.

"ದಾರ ಎಲ್ಲರೆ ಸಿಕ್ಕೊಂಡ್ರ ಕುತ್ತಿಗಿಗಿ ಉರ್ಲ್ ಆಗ್ತದಂತ, ಅಕ್ಕೋರ," ಎಂದರು ಖಮರ. "ಮತ್ತ ಬೆಳ್ಳಿ ಜಡ ಅದ. ಹಾರಿ ಹಿಂದಿನವರ ಹಣಿಗಿ ಬಡದೀತು ಅಂತಾಳ."

ಮಾತು ಸರಿಯಿತ್ತು. ಅವಳ ಕೆಲಸ ಅವಳು ಮಾಡುತ್ತಿದ್ದಳು. ಆದರೆ ಅವಳು ಬೇಡವೆಂದದ್ದು ದಾರ ಮತ್ತು ಬೆಳ್ಳಿ ಎರಡನ್ನೇ.

ನಾವು ಮುತ್ಯಾ ಎನ್ನುತ್ತಿದ್ದ ನಮ್ಮಜ್ಜ ನಿಂಬರ್ಗಾದ ಮನೆಯಲ್ಲಿ ನಸುಕಿಗೆ ಎದ್ದು ವಚನ ಹೇಳುತ್ತಿದ್ದರು. ನಾನು ಕಂಬಕ್ಕೊರಗಿ ಕೇಳುತ್ತಿದ್ದೆ. ಅಕ್ಷರ ಬರುವ ಮೊದಲೇ ಅವು ನನ್ನೊಳಗೆ ಇಳಿದಿದ್ದವು. ಲಿಂಗಕ್ಕೆ ಮೈಮೇಲೆ ಕೊರಳೊಂದೇ ಜಾಗವಲ್ಲ, ತಲೆಯುಂಟು, ಎದೆಯುಂಟು, ಕಂಕುಳುಂಟು, ಅಂಗೈಯುಂಟು ಎಂದು ಹೇಳಿಕೊಟ್ಟವರು ಅವರೇ. ಕರಡಿಗೆ ಬಂದದ್ದು ಬೆಳ್ಳಿ ಇದ್ದವರ ಮನೆಗೆ. ಬಡವರು ಬಟ್ಟೆಯಲ್ಲೇ ಕಟ್ಟಿಕೊಂಡು ಬದುಕಿದರು ಎಂದೂ ಅನ್ನುತ್ತಿದ್ದರು.

ಚಪ್ಪಲಿ ಕಳಚಿದೆ. ವೇಲಿನ ಅಂಚನ್ನು ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಹರಿದೆ. ಈ ಪ್ರವಾಸಕ್ಕೆಂದೇ ಯಜಮಾನರು ಕಲಬುರಗಿಯಲ್ಲಿ ಕೊಡಿಸಿದ ವೇಲು ಅದು. ಹರಿಯುವ ಸಪ್ಪಳಕ್ಕೆ ಸಾಲೆಲ್ಲ ನಮ್ಮತ್ತ ತಿರುಗಿತು. ಸೃಷ್ಟಿಗೆ ಎಡಗೈ ಚಾಚಲು ಹೇಳಿ, ಕರಡಿಗೆ ಬಿಚ್ಚಿ, ಲಿಂಗವನ್ನು ಅವಳ ಅಂಗೈಗಿಳಿಸಿದೆ. ಅಂಗೈಯಿಂದ ರಟ್ಟೆಗೆ ಮೈ ಸವರಿಕೊಂಡೇ ಒಯ್ದು, ಕಂಕುಳ ಬಳಿ ಬಟ್ಟೆಯಿಂದ ಮೂರು ಸುತ್ತು ಸುತ್ತಿ ಗಂಟು ಹಾಕಿ, ಅಂಗಿಯ ತೋಳನ್ನು ಅದರ ಮೇಲೆ ಎಳೆದೆ. ನನ್ನದನ್ನೂ ಹಾಗೆಯೇ ಕಟ್ಟಿಕೊಂಡೆ. ಬಾಗಿಲ ಹುಡುಗಿ ಬಂದು ಗಂಟು ಹಿಡಿದು ಜಗ್ಗಿದಳು. ಇನ್ನೊಮ್ಮೆ ಜಗ್ಗಿದಳು. ಅದು ಅಲುಗಲಿಲ್ಲ. ತಲೆಯಾಡಿಸಿ ದಾರಿ ಬಿಟ್ಟಳು.

ನಾನು ದಾರ ಸುತ್ತಿದ ಎರಡು ಖಾಲಿ ಕರಡಿಗೆಗಳನ್ನು ಯಜಮಾನರ ಚಾಚಿದ ಕೈಯಲ್ಲಿಟ್ಟೆ.

"ಬೆಳ್ಳಿ ನೀವು ಹಿಡ್ಕೋರಿ," ಎಂದೆ.

ರೈಲು ಏರುವಾಗ ಕೆಳಗೆ ನೋಡಿದೆ. ಅಷ್ಟು ಜನರ ನಡುವೆ ಅವರು ಕೈ ಮಡಚಲೂ ಆಗದೆ, ಕಿಸೆಗೆ ಹಾಕಲೂ ಮನಸ್ಸಾಗದೆ, ಬೊಗಸೆ ಹಿಡಿದು ನಿಂತಿದ್ದರು. ಆಮೇಲೆ ರೈಲು ಬಿತ್ತು. ಪಕ್ಕದಲ್ಲಿ ಸೃಷ್ಟಿ ಎರಡೂ ಕೈ ಮೇಲೆತ್ತಿದ್ದಳು. ಇಪ್ಪತ್ತೆರಡು ದಿನಗಳಲ್ಲಿ ಅವಳ ಎರಡೂ ಕೈ ಒಟ್ಟಿಗೆ ಬರಿದಾದದ್ದನ್ನು ನಾನು ಅಂದೇ ಕಂಡದ್ದು.

ಇಳಿದ ಮೇಲೆ ಯಜಮಾನರು ಕರಡಿಗೆ ಚಾಚಿದರು. ಮುಖ ಇನ್ನೂ ಬಿಗಿದೇ ಇತ್ತು.

"ಈಗರೆ ಕೊಳ್ಳಾಗ ಹಾಕ್ಕೋರಿ."

ಸೃಷ್ಟಿ ನನ್ನ ಕೈ ಹಿಡಿದು ಆಗಲೇ ಜಗ್ಗುತ್ತಿದ್ದಳು. ಆಚೆ ಮೂಲೆಯಲ್ಲಿ ಇದಕ್ಕಿಂತ ಎತ್ತರದ ಇನ್ನೊಂದು ಆಟವಿತ್ತು, ಅದಕ್ಕೂ ಉದ್ದನೆಯ ಸಾಲು.

"ಇನ್ನಷ್ಟು ಹೊತ್ತು ನಿಮ್ಮ ಕೈಯಾಗೇ ಇರ್ಲಿ," ಎಂದು ಹೇಳಿ, ಮಗಳ ಜೊತೆ ಹೋಗಿ ಆ ಸಾಲಿನ ಕೊನೆಗೆ ನಿಂತೆ.