ಅಳಿಸುವ ಗುಂಡಿ

ನಾನು ಒಂದು ಸ್ಕ್ಯಾನರ್. ಇಟ್ಟಿಗೆಯಷ್ಟು ಗಾತ್ರದ ಕರಿ ಪೆಟ್ಟಿಗೆ, ಮುಂದೆ ಅಂಗೈಯಗಲದ ಪರದೆ, ಹಿಂದೆ ಬಾಲದಂಥ ಕೇಬಲ್. ಮಣ್ಣು ಅಗೆಯುವ ಎಕ್ಸ್‌ಕವೇಟರಿನ ಸೀಟಿನ ಕೆಳಗೆ ಒಂದು ಸಾಕೆಟ್ ಇರುತ್ತದೆ. ಅಲ್ಲಿಗೆ ನನ್ನ ಬಾಲ ಸಿಕ್ಕಿಸಿದರೆ ಸಾಕು, ಯಂತ್ರ ತನ್ನ ಹೊಟ್ಟೆಯೊಳಗಿನ ನೋವನ್ನೆಲ್ಲ ನಂಬರುಗಳಲ್ಲಿ ಹೇಳಿಕೊಳ್ಳುತ್ತದೆ. ಯಾವ ದೋಷ, ಎಷ್ಟು ಸಲ ಕಾಣಿಸಿತು, ಎರಡನ್ನೂ ನಾನು ತೋರಿಸುತ್ತೇನೆ. ಮೈತುಂಬ ಗುಂಡಿಗಳಿದ್ದರೂ ಕೆಲಸಕ್ಕೆ ಬರುವವು ಎರಡೇ. ಒಂದು ಓದುವುದಕ್ಕೆ, ಇನ್ನೊಂದು ಅಳಿಸುವುದಕ್ಕೆ.

ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಬಿಳಿ ಕೈಗವಸಿನ ಹೆಂಗಸೊಬ್ಬಳು ಕೊನೆಯ ಸ್ಕ್ರೂ ಬಿಗಿದಳು; ಅವಳ ಮುಖ ನೋಡುವಷ್ಟರಲ್ಲಿ ಡಬ್ಬಿಯ ಮುಚ್ಚಳ ಬಿತ್ತು. ಮೊದಲ ನಾಲ್ಕು ವರ್ಷ ಒಬ್ಬ ಸರ್ವಿಸ್ ಎಂಜಿನಿಯರನ ಜೀಪಿನಲ್ಲಿ ತಿರುಗಿದೆ. ಅವನು ನೋಡುತ್ತಿದ್ದುದೆಲ್ಲ ಹೊಸ ಯಂತ್ರಗಳು. ಅವಕ್ಕೂ ರೋಗವಿಲ್ಲ, ನನಗೂ ಕೆಲಸವಿಲ್ಲ. ಹೊಸ ಪೆಟ್ಟಿಗೆ ಬಂದಾಗ ಅವನು ನನ್ನನ್ನು ಹುಬ್ಬಳ್ಳಿಯ ಮೌನೇಶ ಬಡಿಗೇರನಿಗೆ ಮಾರಿದ.

ಮೌನೇಶ ಗದಗ ರಸ್ತೆಯ ಅಂಚಿಗೆ ಅಡಿವೆಪ್ಪ ಸಾವಕಾರರ ಅಂಗಳದಲ್ಲಿ ಮೆಕ್ಯಾನಿಕ್. ಹಳೆಯ ಯಂತ್ರಗಳನ್ನು ಕೊಂಡು, ಬಣ್ಣ ಬಳಿದು ಮಾರುವ ಅಂಗಳ ಅದು. ಮೌನೇಶನ ಕೈಗುಣ ಒಳ್ಳೆಯದು. ನಾನು ನಂಬರು ತೋರಿಸಿದ ಕೂಡಲೇ ಸ್ಪ್ಯಾನರ್ ಎತ್ತುವವನಲ್ಲ. ಗೇರ್‌ಬಾಕ್ಸಿನ ಎಣ್ಣೆ ತೆಗೆದು ಮೂಸುತ್ತಿದ್ದ, ಬೆರಳ ನಡುವೆ ತಿಕ್ಕಿ ಕಬ್ಬಿಣದ ಪುಡಿ ಹುಡುಕುತ್ತಿದ್ದ, ವೈರುಗಳನ್ನು ಅಲ್ಲಾಡಿಸಿ ನೋಡುತ್ತಿದ್ದ. "ನಂಬರಂದ್ರ ರೋಗದ ಹೆಸರಲ್ಲ. ನೋವು ಎಲ್ಲೈತಿ ಅಂತ ತೋರಿಸೋ ಬೆರಳು ಅಷ್ಟ," ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನಾನು ಬೀಗುತ್ತಿದ್ದೆ.

ಆ ಅಂಗಳಕ್ಕೊಂದು ಪದ್ಧತಿಯಿತ್ತು. ಗಿರಾಕಿ ಬರುವ ದಿನ ಯಂತ್ರವನ್ನು ತೊಳೆದು, ಬಕೆಟ್ಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ನನ್ನ ಕೈಯಿಂದ ದೋಷದ ನಂಬರುಗಳನ್ನೆಲ್ಲ, ಅಂಗಳದವರ ಮಾತಿನಲ್ಲಿ ಕೋಡುಗಳನ್ನೆಲ್ಲ, ಅಳಿಸಿ ನಿಲ್ಲಿಸುವುದು. ಎಂಜಿನ್ ಮಾತ್ರ ಮುಂಚಿತವಾಗಿ ಚಾಲೂ ಮಾಡುವಂತಿಲ್ಲ. ಎಣ್ಣೆ ತಣ್ಣಗಿರುವಾಗ ಎಂಥ ಗೇರ್‌ಬಾಕ್ಸೂ ಮರ್ಯಾದಸ್ಥನೇ. ಅದರ ಬಣ್ಣ ಬಯಲಾಗಬೇಕಾದರೆ ಎರಡು ತಾಸು ಬಿಸಿಲಲ್ಲಿ ದುಡಿಸಬೇಕು. ಗಿರಾಕಿಗಳಿಗೆ ಅಷ್ಟು ಪುರುಸೊತ್ತೆಲ್ಲಿ?

ಒಂದು ಬೇಸಿಗೆ, ಚಕ್ರದ ಎಕ್ಸ್‌ಕವೇಟರೊಂದು ಅಂಗಳಕ್ಕೆ ಬಂತು. ನಾನು ಓದಿ ಹೇಳಿದೆ: ಎರಡನೇ ಗೇರಿನ ಕ್ಲಚ್ಚಿಗೆ ಎಣ್ಣೆಯ ಒತ್ತಡ ಸಾಲದು, ನಲವತ್ತೊಂದು ಸಲ. ಮೌನೇಶ ಎಣ್ಣೆ ಮೂಸಿದ. ಸುಟ್ಟ ವಾಸನೆ.

"ಸಾವಕಾರ್ರ, ಗೇರ್‌ಬಾಕ್ಸ್ ಬಿಚ್ಚಬೇಕ್ರಿ. ಇಳಿಜಾರಿನ್ಯಾಗ ಗೇರ್ ಜಾರತೈತಿ."

"ಬಿಚ್ಚಿದ್ರ ತಿಂಗಳ ಹಿಡಿತೈತಿ. ನಾಳೆ ಗಿರಾಕಿ ಬರ್ತಾನ. ಎಣ್ಣಿ ಬದಲಿಸು, ಅಳಸು," ಎಂದರು ಅಡಿವೆಪ್ಪ.

ಹನ್ನೆರಡು ವರ್ಷ ಉಪ್ಪುಂಡ ಮನೆ. ಮೌನೇಶನ ಹೆಬ್ಬೆರಳು ಗುಂಡಿಯ ಮೇಲೆ ತುಸು ಹೊತ್ತು ಸುಮ್ಮನೆ ಕೂತಿತ್ತು, ಆಮೇಲೆ ಒತ್ತಿತು. ನಲವತ್ತೊಂದು ಸಲದ ನೋವು ಸೊನ್ನೆಯಾಯಿತು. ಒಲ್ಲೆ ಎನ್ನಲು ನನಗೆಲ್ಲಿದೆ ಬಾಯಿ?

ಮರುದಿನ ಆ ಗಿರಾಕಿ, ಒಬ್ಬ ಗುತ್ತಿಗೆದಾರ, ತನ್ನ ಆಪರೇಟರ್ ದಾವಲಸಾಬ ನದಾಫನನ್ನು ಕರೆದುಕೊಂಡು ಬಂದ. ಇಪ್ಪತ್ತೈದು ವರ್ಷ ಯಂತ್ರ ಓಡಿಸಿದ ಮನುಷ್ಯ. ಹತ್ತಿ ಕೂತ, ಹಿಂದೆ ಮುಂದೆ ಆಡಿಸಿದ, ಇಳಿದು ಮೌನೇಶನನ್ನು ಪಕ್ಕಕ್ಕೆ ಕರೆದ.

"ಎಣ್ಣಿ ಹೊಸಾದು ಹಾಕೀಯಲ್ಲ ತಮ್ಮಾ. ಒಳಗ ಏನರ ಐತೇನು?"

"ಏನಿಲ್ಲ ಮಾಮಾ. ಇಲ್ಲಿ ನೋಡು, ಒಂದ ಕೋಡೂ ಇಲ್ಲ," ಎಂದು ಮೌನೇಶ ನನ್ನನ್ನು ಎತ್ತಿ ಹಿಡಿದ.

"ಅದನ್ನ ಬಿಡು. ನೀ ಹೇಳಿದಿ, ನನಗಷ್ಟು ಸಾಕು."

ಯಂತ್ರ ಮಾರಾಟವಾಯಿತು. ಹೊಸ ಎಣ್ಣೆಯ ಬಲದಲ್ಲಿ ಹದಿನೆಂಟು ದಿನ ಕಳೆಯಿತು. ಕಪ್ಪತಗುಡ್ಡದ ಸೆರಗಿನಲ್ಲಿ ಗಾಳಿಯಂತ್ರಗಳಿಗೆ ಕೇಬಲ್ ಹಾಕಲು ಕಾಲುವೆ ತೋಡುವ ಕೆಲಸ. ಸುಡು ಮಧ್ಯಾಹ್ನ, ಇಳಿಜಾರಿನಲ್ಲಿ ಬರುವಾಗ ಗೇರು ಜಾರಿತು. ಬರೀ ಬ್ರೇಕಿಗೆ ಅಷ್ಟು ಭಾರ ತಡೆಯಲಿಲ್ಲ. ಯಂತ್ರ ಹಳ್ಳಕ್ಕೆ ಉರುಳಿತು. ದಾವಲಸಾಬ ಜಿಗಿದನಾದರೂ ಎಡಗಾಲು ಯಂತ್ರದಡಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಡೀಸೆಲ್ ಉಳಿಸಲು ಗೇರು ತೆಗೆದು ನ್ಯೂಟ್ರಲ್ ಮಾಡಿ ಇಳಿಸಿದ್ದಾನೆ, ತಪ್ಪು ಅವನದೇ ಎಂದ ಗುತ್ತಿಗೆದಾರ. ಮಾಡಿಲ್ಲ ಎಂದು ದಾವಲಸಾಬ ಹಾಸಿಗೆಯಿಂದಲೇ ಆಣೆ ಮಾಡಿದ. ಅವನ ಪರಿಹಾರವೂ ಇಪ್ಪತ್ತೈದು ವರ್ಷದ ಹೆಸರೂ ಆ ಒಂದು ಮಾತಿನ ಮೇಲೆ ನಿಂತವು. ತೀರ್ಮಾನಕ್ಕೆ ವಿಮೆಯ ಸರ್ವೇಯರ್ ಬಂದರು. ಅಡಿವೆಪ್ಪ, ಮೌನೇಶ ಇಬ್ಬರನ್ನೂ ಕರೆಸಿ, ನನ್ನನ್ನೂ ಹಳ್ಳಕ್ಕೆ ಇಳಿಸಿದರು.

ಮೌನೇಶ ಕೇಬಲ್ ಸಿಕ್ಕಿಸಿದ. ನಾನು ತೋರಿಸಿದೆ: ಅದೇ ನಂಬರು. ಎಷ್ಟು ಸಲ? ಒಂದು. ನಾನು ಓದಿದ್ದು ನಿಜವನ್ನೇ, ಆದರೂ ಅದು ಹಸಿ ಸುಳ್ಳಾಗಿತ್ತು.

"ಮೊದಲು ಈ ತೊಂದರೆ ಇತ್ತೇನ್ರಿ?" ಎಂದು ಸರ್ವೇಯರ್ ಕೇಳಿದರು. ಅಡಿವೆಪ್ಪ ಕೆಮ್ಮಿದರು. ಮೌನೇಶ ನನ್ನ ಪರದೆಯನ್ನು ತನ್ನ ಎದೆಯ ಕಡೆ ತಿರುಗಿಸಿಕೊಂಡ. ಹೇಳು, ಹೇಳು ಎಂದು ನಾನು ಒಳಗೊಳಗೇ ಒದ್ದಾಡಿದೆ.

"ಇಲ್ರಿ. ಇದ ಮೊದಲನೇ ಸಲ," ಎಂದ ಮೌನೇಶ.

ಚೆನ್ನಾಗಿದ್ದ ಗೇರ್‌ಬಾಕ್ಸ್ ತಾನಾಗಿ ಜಾರುವುದಿಲ್ಲ, ನ್ಯೂಟ್ರಲ್‌ನಲ್ಲಿ ಇಳಿಸಿ ಅವಸರಕ್ಕೆ ಮತ್ತೆ ಗೇರು ಹಾಕಿರಬೇಕು ಎಂದು ಸರ್ವೇಯರ್ ಬರೆದುಕೊಂಡರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು. ಆ ಕೋತಿಯ ಕೈಯಾಗಿದ್ದವನು ನಾನು. ನನಗೆ ಇವತ್ತಿಗೂ ನಾಚಿಕೆಯಿದೆ.

ಆಮೇಲೆ ಮೌನೇಶ ಎಣ್ಣೆ ಮೂಸುವುದನ್ನೇ ಬಿಟ್ಟ. ಊಟ ಸೇರುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ನನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಅಣ್ಣಿಗೇರಿಯಲ್ಲಿದ್ದ ದಾವಲಸಾಬನ ಮನೆಗೆ ಹೋದ. ದಾವಲಸಾಬ ಮಂಚದ ಮೇಲಿದ್ದ. ಅವನ ಹೆಂಡತಿ ಮಾಬೂಬಿ ಚಹಾ ತಂದಿಟ್ಟಳು. ಮೌನೇಶ ಅದನ್ನು ಮುಟ್ಟದೆ, ನಲವತ್ತೊಂದು ಸಲದ ಸಂಗತಿಯನ್ನೆಲ್ಲ ಹೇಳಿ ಬಿಕ್ಕಿ ಬಿಕ್ಕಿ ಅತ್ತ.

ದಾವಲಸಾಬ ಹೊದಿಕೆಯನ್ನು ಕತ್ತರಿಸಿದ ಕಾಲಿನ ಮೇಲೆ ಎಳೆದುಕೊಂಡ.

"ನ್ಯೂಟ್ರಲ್ ಮಾಡಿಲ್ಲ ಅನ್ನೋದು ನನಗ ಗೊತ್ತೈತಿ ತಮ್ಮಾ. ಅದನ್ನ ನನಗ ಹೇಳಾಕ ಇಲ್ಲಿತನಕ ಬಂದಿಯೇನು? ಅಲ್ಲಿ ಹೇಳಬೇಕಿತ್ತು."

"ನಾಳೆನ ಹೋಗಿ ಹೇಳ್ತೀನಿ ಮಾಮಾ."

"ಏನ್ ತೋರಿಸಿ ಹೇಳ್ತಿ? ಮಷೀನು ಗುಜರಿಗೆ ಹೋತು."

ಮೌನೇಶ ನನ್ನನ್ನು ಆ ಮನೆಯಲ್ಲೇ ಬಿಟ್ಟು ಎದ್ದುಹೋದ. ಮತ್ತೆ ಬರಲಿಲ್ಲ, ಅಡಿವೆಪ್ಪನ ಅಂಗಳವನ್ನೂ ಬಿಟ್ಟನಂತೆ. ನಾನೀಗ ದಾವಲಸಾಬನ ಮಂಚದ ಪಕ್ಕದ ಗೂಡಿನಲ್ಲಿದ್ದೇನೆ. ಕೇಬಲ್ ಒಣಗಿ ಸೀಳಿದೆ, ಪರದೆ ಬೆಳಗುವುದಿಲ್ಲ. ಅಳಿಸುವುದು ಇಷ್ಟು ಸುಲಭವಾಗಬಾರದಿತ್ತು ಎಂದು ಮಲಗಿದಲ್ಲೇ ಅಂದುಕೊಳ್ಳುತ್ತಿರುತ್ತೇನೆ. ಒತ್ತಿದ ಬೆರಳಿಗೆ ಚುರುಕ್ಕೆನ್ನುವಂತೆಯಾದರೂ ನನ್ನನ್ನು ಮಾಡಿದವರು ಮಾಡಬೇಕಿತ್ತು.

ಮೊನ್ನೆ ಓಣಿಯ ಹಿರಿಯರೊಬ್ಬರು ಮಾತಾಡಿಸಲು ಬಂದಿದ್ದರು.

"ಡೀಸೆಲ್ ಉಳಸಾಕ ಹೋಗಿ ಕಾಲು ಕಳಕೊಂಡ್ಯಂತಲ್ಲೋ, ದಾವಲ?"

ಮಾಬೂಬಿ ಒಳಗಿನಿಂದ ಏನೋ ಹೇಳಲು ಬಂದಳು. ದಾವಲಸಾಬ ಕೈಯೆತ್ತಿ ಅವಳನ್ನು ತಡೆದ. ಗೂಡಿನಲ್ಲಿದ್ದ ನನ್ನ ಕಡೆ ಒಮ್ಮೆ ನೋಡಿದ.

"ಹೌದಂತ್ರಿ," ಎಂದ.